ಸೌಂಡ್ ಕಾರ್ಡು, ಸ್ಪೀಕರು, ಹತ್ತಡಿ ಕೋಣೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮದುವೆ, ಗೃಹಪ್ರವೇಶದ ವಿಡಿಯೊಗಳನ್ನು ಮನೆಯಲ್ಲೇ ಎಡಿಟ್ ಮಾಡುತ್ತೇನೆ. ಸದ್ಯಕ್ಕೆ 5.1 ಹೋಂ ಥಿಯೇಟರ್ ಇದೆ. ಒಳ್ಳೆಯ ಸೌಂಡ್ ಕಾರ್ಡ್ ಹಾಕಿಸಿದರೆ ಧ್ವನಿ ಸುಧಾರಿಸುತ್ತದೆಯೇ? ರೆಂಡರಿಂಗ್ ಬೇಗ ಆಗುತ್ತದೆಯೇ?
– ಓದುಗರು, ಶಿವಮೊಗ್ಗ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಆಗುವುದಿಲ್ಲ. ರೆಂಡರಿಂಗ್ ಏನಿದ್ದರೂ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಕೆಲಸ.

ಧ್ವನಿಯ ಮಾತಿಗೆ ಬಂದರೆ, ದುಡ್ಡು ಮೊದಲು ಸ್ಪೀಕರಿಗೆ ಹೋಗಲಿ. ಹೋಂ ಥಿಯೇಟರಿನ ಸಬ್‌ವೂಫರ್ ಸಿನಿಮಾದ ಗುಡುಗಿಗಾಗಿ ಬಾಸ್ ಉಬ್ಬಿಸುತ್ತದೆ. ಜೊತೆಗಿರುವ ಪುಟ್ಟ ಡಬ್ಬಿಗಳು ಮಾತಿನ ಕೆಳಭಾಗವನ್ನು ಸರಿಯಾಗಿ ನುಡಿಸುವುದಿಲ್ಲ. ಇದನ್ನೇ ನಂಬಿ ನೀವು ಬಾಸ್ ಕತ್ತರಿಸಿದರೆ, ಗ್ರಾಹಕರ ಟಿವಿಯಲ್ಲಿ ಪುರೋಹಿತರ ಮಂತ್ರ ಮೂಗಿನಿಂದ ಬಂದ ಹಾಗೆ ಕೇಳುತ್ತದೆ.

ನಿಮಗೆ ಬೇಕಾದದ್ದು ಒಂದು ಜೊತೆ ಸ್ಟುಡಿಯೊ ಮಾನಿಟರ್, ಅಂದರೆ ಧ್ವನಿಯನ್ನು ಉಬ್ಬಿಸದೆ ಇದ್ದಂತೆಯೇ ನುಡಿಸುವ ಸ್ಪೀಕರ್. ಯಮಾಹಾ ಎಚ್‌ಎಸ್5, ಜೆಬಿಎಲ್ 305ಪಿ ಮಾರ್ಕ್ 2 ಈ ಜಾತಿಯವು. ಎರಡರಲ್ಲೂ 5 ಇಂಚಿನ ವೂಫರ್ ಇದೆ. ಕೆಳಸ್ವರ ನುಡಿಸುವ ವೂಫರಿಗೊಂದು, ಮೇಲಿನ ಸ್ವರ ನುಡಿಸುವ ಟ್ವೀಟರಿಗೊಂದು ಆಂಪ್ಲಿಫೈಯರ್ ಒಳಗೇ ಇರುತ್ತದೆ. ಬೆಲೆ ಕೇಳುವಾಗ ಎಚ್ಚರ: ಇಂಥವನ್ನು ಬಿಡಿಯಾಗಿಯೂ ಮಾರುತ್ತಾರೆ. ಹೇಳಿದ ಬೆಲೆ ಒಂದಕ್ಕೋ ಜೋಡಿಗೋ ಎಂದು ಖಚಿತಪಡಿಸಿಕೊಳ್ಳಿ.

ಮದರ್‌ಬೋರ್ಡಿನ ಸೌಂಡೇ ಸಾಕೇ ಎಂದು ತಿಳಿಯುವುದು ಸುಲಭ. ಏನನ್ನೂ ನುಡಿಸದೆ ಸ್ಪೀಕರಿನ ವಾಲ್ಯೂಮನ್ನು ನೀವು ಕೆಲಸ ಮಾಡುವ ಮಟ್ಟಕ್ಕೆ ಇಡಿ, ಮೌಸ್ ಆಡಿಸಿ, ಒಂದು ದೊಡ್ಡ ಫೋಲ್ಡರ್ ಕಾಪಿ ಮಾಡಿ. ಕೀರಲು ಸದ್ದು ಬರದಿದ್ದರೆ, ಮೈಕಿನಿಂದ ರೆಕಾರ್ಡ್ ಮಾಡುವ ಕೆಲಸವೂ ನಿಮಗಿಲ್ಲದಿದ್ದರೆ, ಸದ್ಯಕ್ಕೆ ಸೌಂಡ್ ಕಾರ್ಡ್ ಬೇಡ. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ‘ಎನ್‌ಹಾನ್ಸ್‌ಮೆಂಟ್’ಗಳನ್ನೆಲ್ಲ ಆಫ್ ಮಾಡಿ, ಸ್ಯಾಂಪಲ್ ದರವನ್ನು (ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆಯಬೇಕು ಎಂಬುದು) 48 ಕಿಲೋಹರ್ಟ್ಸ್‌ಗೆ ಇಡಿ; ವಿಡಿಯೊ ಕೆಲಸದ ರೂಢಿ ಅದೇ.

ಕೇಬಲ್ ಮಾತ್ರ ಸರಿಯಾದದ್ದೇ ಬೇಕು. ಒಂದು ತುದಿಯಲ್ಲಿ 3.5 ಮಿಲಿಮೀಟರಿನ ಸ್ಟೀರಿಯೊ ಪಿನ್, ಇನ್ನೊಂದು ತುದಿಯಲ್ಲಿ ಎರಡು 6.35 ಮಿಲಿಮೀಟರಿನ ಮೊನೊ ಪಿನ್ ಇರಬೇಕು. ಮಾನಿಟರಿನ ಬ್ಯಾಲೆನ್ಸ್ಡ್ ಇನ್‌ಪುಟ್ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುತ್ತದೆ. ಅಡಾಪ್ಟರ್ ಸಿಕ್ಕಿಸಿ ಸ್ಟೀರಿಯೊ ಪಿನ್ನನ್ನೇ ಅದಕ್ಕೆ ಚುಚ್ಚಿದರೆ, ಅದು ಎಡ ಚಾನೆಲ್ಲಿನಿಂದ ಬಲ ಚಾನೆಲ್ಲನ್ನು ಕಳೆದುಬಿಡುತ್ತದೆ. ಎರಡರಲ್ಲೂ ಸಮನಾಗಿರುವ ಗಾಯಕರ ಧ್ವನಿ ಮಾಯವಾಗಿ, ವಾದ್ಯಗಳ ನೆರಳಷ್ಟೇ ಕೇಳುತ್ತದೆ. ಆಗ ಸ್ಪೀಕರ್ ಹಾಳು ಎಂದು ವಾಪಸು ಕೊಡಲು ಓಡಬೇಡಿ.

ನನ್ನ ಕೋಣೆ 10 ಅಡಿಗೆ 10 ಅಡಿ. 8 ಇಂಚಿನ ಮಾನಿಟರ್ ಕೊಳ್ಳಲೇ, 5 ಇಂಚಿನದೇ? ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸಾಕೇ?
– ಓದುಗರು, ಬೆಂಗಳೂರು

5 ಇಂಚು. ಕಾರಣ ನಿಮ್ಮ ಕೋಣೆಯಲ್ಲೇ ಇದೆ. ನಮ್ಮ ಮನೆಗಳ ತಾರಸಿಯೂ ಸಾಮಾನ್ಯವಾಗಿ 10 ಅಡಿ ಎತ್ತರ. ಅಂದರೆ ನೀವು ಕೂರುವುದು ಒಂದು ಘನದೊಳಗೆ. ಎದುರುಬದುರು ಗೋಡೆಗಳ ನಡುವೆ 10 ಅಡಿ ಇದ್ದರೆ ಸುಮಾರು 56 ಹರ್ಟ್ಸ್‌ನಲ್ಲಿ, ಆಮೇಲೆ 112ರಲ್ಲಿ, 169ರಲ್ಲಿ ಅನುರಣನ ಏಳುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಮೂರರ ಅನುರಣನವೂ ಅದೇ ಸ್ವರಗಳ ಮೇಲೆ ಬಂದು ಬೀಳುತ್ತದೆ. ಗಂಡಸರ ಮಾತಿನ ಮೂಲಸ್ವರ ಇರುವುದೂ 112ರ ಆಸುಪಾಸಿನಲ್ಲೇ. ಇಂಥಲ್ಲಿ 8 ಇಂಚಿನ ವೂಫರ್ ತಂದರೆ ಗುಂಯ್‌ಗುಡುವಿಕೆಗೆ ಇನ್ನಷ್ಟು ಮೇವು ಹಾಕಿದಂತೆ.

ಕೋಣೆಯ ನಟ್ಟನಡುವೆ ಕೂರಬೇಡಿ. 56 ಹರ್ಟ್ಸ್ ಅಲ್ಲಿ ಸೊನ್ನೆಯಾಗುತ್ತದೆ. ಹಿಂಗೋಡೆಗೆ ಆತುಕೊಂಡರೆ ಅದೇ ಸ್ವರ ಉಕ್ಕುತ್ತದೆ. ಮುಂದಿನ ಗೋಡೆಯಿಂದ ಉದ್ದದ ನೂರಕ್ಕೆ 38 ಭಾಗ, ಅಂದರೆ ಮೂರೂಮುಕ್ಕಾಲು ಅಡಿಯಲ್ಲಿ ಕಿವಿ ಇರಲಿ. ಎರಡು ಸ್ಪೀಕರ್ ಮತ್ತು ತಲೆ ಸೇರಿ 3 ಅಡಿ ಬಾಹುವಿನ ಸಮಬಾಹು ತ್ರಿಕೋನವಾಗಬೇಕು, ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ಆಗ ಸ್ಪೀಕರಿನ ಮುಖ ಗೋಡೆಯಿಂದ ಸುಮಾರು 14 ಇಂಚು ದೂರ ನಿಲ್ಲುತ್ತದೆ. ಗೋಡೆ ಇಷ್ಟು ಹತ್ತಿರವಿದ್ದರೆ ಬಾಸ್ ಹೆಚ್ಚುವುದು ಸಹಜ. ಎಚ್‌ಎಸ್5ರ ಬೆನ್ನಿನಲ್ಲಿರುವ ರೂಮ್ ಕಂಟ್ರೋಲ್ ಸ್ವಿಚ್ಚನ್ನು ಮೈನಸ್ 2ಕ್ಕೋ ಮೈನಸ್ 4ಕ್ಕೋ ಇಡುವುದು ಇದಕ್ಕಾಗಿಯೇ. ‘ಗೋಡೆಯಿಂದ ದೂರ ಎಳೆಯಿರಿ’ ಎಂಬ ಸಲಹೆ ಚಿಕ್ಕ ಕೋಣೆಗೆ ಒಗ್ಗದು. ಗೋಡೆಗೆ ಬಡಿದು ಹಿಂದಿರುಗುವ ಅಲೆ ಒಂದು ಸ್ವರವನ್ನು ಕೊಲ್ಲುತ್ತದೆ. 14 ಇಂಚಿನಲ್ಲಿ ಅದು ಸುಮಾರು 240 ಹರ್ಟ್ಸ್. ಒಂದು ಮೀಟರ್ ಎಳೆದರೆ 86ಕ್ಕೆ ಇಳಿಯುತ್ತದೆ, ಅಷ್ಟು ಕೆಳಗಿನದನ್ನು ಹೀರುವ ಪ್ಯಾನೆಲ್ ಮಾಡುವುದು ಕಷ್ಟ.

ಮೊಟ್ಟೆ ಟ್ರೇ, ಥರ್ಮಾಕೋಲ್ ಎರಡೂ ದಂಡ. ಪರದೆ ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ; ಗ್ರಾನೈಟ್ ನೆಲದ ಕೋಣೆ ಇನ್ನೂ ಮಬ್ಬಾಗಿ, ಬಾಸ್ ಹಾಗೇ ಉಳಿಯುತ್ತದೆ. ಘನಮೀಟರಿಗೆ 48 ಅಥವಾ 64 ಕಿಲೋ ಸಾಂದ್ರತೆಯ ರಾಕ್‌ವುಲ್ ತಂದು, 4 ಇಂಚು ದಪ್ಪದ, 2 ಅಡಿಗೆ 4 ಅಡಿಯ ಚೌಕಟ್ಟು ಮಾಡಿಸಿ ಹತ್ತಿಬಟ್ಟೆ ಸುತ್ತಿ. ಕೈಗವಸು, ಮಾಸ್ಕ್ ಮರೆಯಬೇಡಿ, ನಾರು ಚುಚ್ಚುತ್ತದೆ. ಇಂಥ ನಾಲ್ಕು ಪ್ಯಾನೆಲ್ ಬೇಕು, ಎರಡು ಮೂಲೆಗಳಿಗೆ. ಉಳಿದೆರಡರ ಜಾಗ ಹುಡುಕಲು ನೀವು ಕುರ್ಚಿಯಲ್ಲಿ ಕೂತು, ಇನ್ನೊಬ್ಬರಿಂದ ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸಿ. ಸ್ಪೀಕರ್ ಕಂಡ ಜಾಗಕ್ಕೆ ಪ್ಯಾನೆಲ್ ಬರಲಿ. ಕಬ್ಬಿಣದ ಬೀರು ಕೋಣೆಯಲ್ಲಿದ್ದರೆ ಹೊರಗಿಡಿ. 40ರಿಂದ 200 ಹರ್ಟ್ಸ್‌ವರೆಗಿನ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಜಾರುವ ಸ್ವರ) ನುಡಿಸಿ ನೋಡಿ, ಯಾವುದಾದರೊಂದು ಸ್ವರಕ್ಕೆ ಅದು ದಡದಡ ಎನ್ನುವ ಸಂಭವವೇ ಹೆಚ್ಚು.

ಒಂದು ಮಿತಿ ತಿಳಿದಿರಲಿ. ಬಿಳಿ ಒಂದರ (ಪಾಶ್ಚಾತ್ಯ ಸಿ ಸ್ವರ) ಶ್ರುತಿಗೆ ಕೂಡಿಸಿದ ಗಂಡುತಂಬೂರಿಯ ಮಂದ್ರ ಷಡ್ಜ 65 ಹರ್ಟ್ಸ್. 5 ಇಂಚಿನ ವೂಫರಿಗೆ ಅದು ಅಂಚಿನಲ್ಲಿ ದಕ್ಕುತ್ತದೆ, ಮೂರೂವರೆ ಇಂಚಿನದಕ್ಕೆ ದಕ್ಕದು. ಸಂಗೀತದ ಕೆಲಸವಿದ್ದರೆ ಕೆಳಸ್ವರಗಳನ್ನು ಹೆಡ್‌ಫೋನಿನಲ್ಲೂ ಕೇಳಿ. ಸೋನಿ ಎಂಡಿಆರ್ 7506 ಈ ಕೆಲಸಕ್ಕೆ ಹಳೆಯ ನಂಬಿಗಸ್ತ.

ತಾಳಮದ್ದಳೆಯನ್ನು ಮಲ್ಟಿಟ್ರ್ಯಾಕಿನಲ್ಲಿ, ಅಂದರೆ ಪ್ರತಿ ಮೈಕಿಗೂ ಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಬೇಕು. 2 ಇನ್‌ಪುಟ್ಟಿನ ಸೌಂಡ್ ಕಾರ್ಡ್ ಸಾಕೇ? ಯುಎಸ್‌ಬಿ ಮಿಕ್ಸರ್ ಅಗ್ಗವಲ್ಲವೇ?
– ಓದುಗರು, ಉಡುಪಿ

ಮೈಕುಗಳನ್ನು ಎಣಿಸಿ. ಭಾಗವತರು, ಮದ್ದಳೆ, ಚೆಂಡೆ, ಮೂವರು ಅರ್ಥಧಾರಿಗಳು: ಆರಾಯಿತು. ನಾಲ್ಕಕ್ಕೆ ಸಾಕೆಂದಿದ್ದರೆ ಬೆರಿಂಜರ್ ಯುಎಂಸಿ404ಎಚ್‌ಡಿ ಸೌಂಡ್ ಕಾರ್ಡ್, ಆರಕ್ಕೆ 8 ಮೈಕ್ ಪ್ರಿಆಂಪಿನ (ಮೈಕಿನ ಕ್ಷೀಣ ಸಿಗ್ನಲ್ ಹಿಗ್ಗಿಸುವ ಭಾಗ) ಯುಎಂಸಿ1820 ಆಗುತ್ತದೆ. ಅಗ್ಗದ ಯುಎಸ್‌ಬಿ ಮಿಕ್ಸರುಗಳಲ್ಲಿ ಬಹುಪಾಲಿನವು ಎಲ್ಲ ಚಾನೆಲ್ಲುಗಳನ್ನೂ ಬೆರೆಸಿ, ಕಂಪ್ಯೂಟರಿಗೆ ಕಳಿಸುವುದು ಎರಡೇ ಟ್ರ್ಯಾಕ್. ಅರ್ಥದ ನಡುವೆ ನುಗ್ಗಿದ ಚೆಂಡೆಯನ್ನು ಆಮೇಲೆ ತಗ್ಗಿಸಲು ದಾರಿಯೇ ಇಲ್ಲ.

ಚೆಂಡೆಗೆ ಡೈನಾಮಿಕ್ ಮೈಕ್, ಒಂದೂವರೆ ಎರಡು ಅಡಿ ದೂರದಲ್ಲಿ. ಗೇನ್ (ಮೈಕಿನ ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಪೂರ್ತಿ ಇಳಿಸಿದರೂ ಕೆಂಪು ದೀಪ ಹೊತ್ತಿದರೆ, ಸಿಗ್ನಲ್ ತಗ್ಗಿಸುವ ಪ್ಯಾಡ್ ಗುಂಡಿ ಒತ್ತಿ. ಕಲಾವಿದರಿಂದ ಅತಿ ಜೋರಿನ ಪೆಟ್ಟನ್ನೇ ನುಡಿಸಿ, ಅದು ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ ಹೊಂದಿಸಿ. 24 ಬಿಟ್ ರೆಕಾರ್ಡಿಂಗಿನಲ್ಲಿ ಇನ್ನೂ ಮೇಲೇರಿಸುವ ಅಗತ್ಯವಿಲ್ಲ. ಕೇಬಲ್ಲಿನಲ್ಲೇ ಮೈಕಿಗೆ ಕಳಿಸುವ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ ಕಂಡೆನ್ಸರ್ ಮೈಕಿಗೆ ಮಾತ್ರ ಬೇಕು. ಹಳೆಯ ರಿಬ್ಬನ್ ಮೈಕ್ ಇದ್ದ ಚಾನೆಲ್ಲಿಗೆ ಕೊಡಬೇಡಿ.

ವಿಂಡೋಸಿನಲ್ಲಿ ಧ್ವನಿಯ ತಡ ತಗ್ಗಿಸುವ, ಕಂಪನಿಯದೇ ಆಸಿಯೊ ಡ್ರೈವರ್ ಹಾಕಿ. ಹಾಡುವವರು ಹೆಡ್‌ಫೋನಿನಲ್ಲಿ ತಮ್ಮನ್ನೇ ಕೇಳಿಕೊಳ್ಳುವಾಗ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಸಿಕೊಳ್ಳುವ ಧ್ವನಿಯ ತುಂಡು) 128 ಸ್ಯಾಂಪಲ್ ಇರಲಿ, ಅದರ ತಡ 2.7 ಮಿಲಿಸೆಕೆಂಡ್. ಎಡಿಟಿಂಗಿಗೆ ಕೂತಾಗ 1024ಕ್ಕೆ ಏರಿಸಿ. 128ರಲ್ಲೇ ಬಿಟ್ಟು ಹತ್ತು ಎಫೆಕ್ಟ್ ಹಾಕಿದರೆ ಪಟಪಟ ಸದ್ದು ಬರುವುದು ಕಾರ್ಡಿನ ದೋಷವಲ್ಲ.

ಸ್ಪೀಕರಿನಲ್ಲಿ ಸದಾ ಗುಂಯ್ ಸದ್ದು. ಅರ್ಥ್ ಪಿನ್ ತೆಗೆದರೆ ಹೋಗುತ್ತದೆ ಎಂದು ಅಂಗಡಿಯವರು ಹೇಳಿದರು.
– ಓದುಗರು, ಹುಬ್ಬಳ್ಳಿ

ಹೋಗುತ್ತದೆ, ಒಳಗೆ ವೈರ್ ತಗುಲಿದ ದಿನ 230 ವೋಲ್ಟ್ ಸ್ಪೀಕರಿನ ಲೋಹದ ಬೆನ್ನಿಗೆ ಬರುತ್ತದೆ. ತೆಗೆಯಬೇಡಿ.

ಮೊದಲು ಸಿಗ್ನಲ್ ಕೇಬಲ್ ಕಳಚಿ. ಸದ್ದು ಹಾಗೇ ಇದ್ದರೆ ದೋಷ ಸ್ಪೀಕರಿನದ್ದೋ ಕರೆಂಟಿನದ್ದೋ. ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದಾಗ ಸದ್ದು ಬದಲಾಗುತ್ತದೆಯೇ, ಇನ್ವರ್ಟರಿನಲ್ಲಿದ್ದಾಗ ಮಾತ್ರ ಝೇಂಕರಿಸುತ್ತದೆಯೇ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಮದ್ದು ಸೈನ್ ವೇವ್ ಇನ್ವರ್ಟರ್ ಮಾತ್ರ. ಕೇಬಲ್ ಕಳಚಿದಾಗ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಯಂತ್ರಗಳು ಬೇರೆ ಬೇರೆ ದಾರಿಯಲ್ಲಿ ಅರ್ಥ್ ಆಗಿ ಉಂಟಾದ ಸುತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿದರೂ ಸುಳಿವು ಸಿಗುತ್ತದೆ. ಕಂಪ್ಯೂಟರ್, ಸೌಂಡ್ ಕಾರ್ಡ್, ಸ್ಪೀಕರ್ ಮೂರನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿ. ಕಾರ್ಡಿನಿಂದ ಸ್ಪೀಕರಿಗೆ ಟಿಆರ್‌ಎಸ್ (ಮೂರು ಸಂಪರ್ಕದ 6.35 ಮಿಲಿಮೀಟರ್ ಪಿನ್) ಅಥವಾ ಎಕ್ಸ್‌ಎಲ್‌ಆರ್ (ಮೈಕಿಗೆ ಹಾಕುವ ಮೂರು ಕಡ್ಡಿಯ ಪಿನ್) ಬ್ಯಾಲೆನ್ಸ್ಡ್ ಕೇಬಲ್ ಎಳೆಯಿರಿ. ಹೆಚ್ಚಿನವರ ತೊಂದರೆ ಇಲ್ಲಿಗೇ ತೀರುತ್ತದೆ. ಆರ್‌ಸಿಎ (ಹಳೆಯ ಟಿವಿ, ಡಿವಿಡಿಯ ಕೆಂಪು-ಬಿಳಿ ಪಿನ್) ಮಾತ್ರ ಇದ್ದರೆ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಒಂದು ಗಂಟೆಯ ಕಾರ್ಯಕ್ರಮ. ಧ್ವನಿ ಬೇರೆ ರೆಕಾರ್ಡರಿನಲ್ಲಿ, ದೃಶ್ಯ ಮೊಬೈಲಿನಲ್ಲಿ. ಆರಂಭದಲ್ಲಿ ಹೊಂದಿಸಿದರೂ ಕೊನೆಗೆ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ.
– ಓದುಗರು, ಮೈಸೂರು

ಎರಡು ಯಂತ್ರಗಳ ಗಡಿಯಾರದಲ್ಲಿ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 180 ಮಿಲಿಸೆಕೆಂಡ್ ಸರಿಯುತ್ತದೆ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ನಾಲ್ಕೂವರೆ ಫ್ರೇಮ್. ಆರಂಭದಲ್ಲೂ ಕೊನೆಯಲ್ಲೂ ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಿಸಿ. ಎರಡರ ಅಂತರ ನೋಡಿ ಧ್ವನಿಯನ್ನು ಅಷ್ಟೇ ಹಿಗ್ಗಿಸಿ ಅಥವಾ ಕುಗ್ಗಿಸಿ. ಅಂತರ ಒಂದೇ ಸಮ ಬೆಳೆಯದೆ ಅಲ್ಲಲ್ಲಿ ಎಳೆದಾಡಿದರೆ ಕಾರಣ ಮೊಬೈಲಿನ ಏರಿಳಿಯುವ ಫ್ರೇಮ್ ದರ. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ದರಕ್ಕೆ ಪರಿವರ್ತಿಸಿದ ಮೇಲೆ ಎಡಿಟಿಂಗಿಗೆ ತನ್ನಿ. ಮಾತು ಮೊದಲಿಂದಲೇ ತೆಳುವಾಗಿ, ಅವಸರವಾಗಿ ಕೇಳಿದರೆ 44.1 ಕಿಲೋಹರ್ಟ್ಸ್‌ನ ಫೈಲನ್ನು 48 ಎಂದು ಓದಲಾಗಿದೆ. ವೇಗ ನೂರಕ್ಕೆ ಸುಮಾರು 9 ಹೆಚ್ಚಿರುತ್ತದೆ.

ಬ್ಲೂಟೂತ್ ಸ್ಪೀಕರಿನಲ್ಲಿ ಎಡಿಟ್ ಮಾಡಬಹುದೇ?
– ಓದುಗರು, ದಾವಣಗೆರೆ

ಬೇಡ. ಧ್ವನಿ 0.1ರಿಂದ 0.3 ಸೆಕೆಂಡ್ ತಡವಾಗಿ ಬರುತ್ತದೆ. ಅದನ್ನು ನೋಡಿ ನೀವು ಟೈಮ್‌ಲೈನಿನಲ್ಲಿ ಧ್ವನಿಯನ್ನು ಹಿಂದಕ್ಕೆ ಎಳೆದರೆ, ವೈರಿನ ಸ್ಪೀಕರಿನಲ್ಲಿ ಮಾತು ತುಟಿಗಿಂತ ಮುಂಚೆ ಹೊರಡುತ್ತದೆ. ಮುಗಿದ ವಿಡಿಯೊ ಬ್ಲೂಟೂತ್ ಸ್ಪೀಕರಿನಲ್ಲಿ ಹೇಗೆ ಕೇಳುತ್ತದೆ ಎಂದು ಪರೀಕ್ಷಿಸಲು ಮಾತ್ರ ಅದನ್ನು ಬಳಸಿ.