ಹೆಜ್ಜೆ ಉದ್ದವಾದರೆ ಓಟದ ವೇಗ ಹೆಚ್ಚುವುದೇ?

ಪ್ರಶ್ನೆ: ನನಗೆ 42 ವರ್ಷ. ದಿನವೂ ಬೆಳಿಗ್ಗೆ ಕೈಮರದ ಕಡೆಗೆ ಏರುದಾರಿಯಲ್ಲಿ ಓಡಿ, ಅದೇ ದಾರಿಯಲ್ಲಿ ಇಳಿದು ಬರುತ್ತೇನೆ. ವೇಗ ಹೆಚ್ಚಬೇಕಾದರೆ ಹೆಜ್ಜೆಯನ್ನು ಉದ್ದವಾಗಿ ಹಾಕಬೇಕೆಂದು ಜೊತೆಗಾರರು ಹೇಳಿದ್ದರಿಂದ ಎರಡು ತಿಂಗಳಿಂದ ಹಾಗೆಯೇ ಓಡುತ್ತಿದ್ದೇನೆ. ವೇಗವೇನೂ ಹೆಚ್ಚಲಿಲ್ಲ, ಇಳಿಯುವಾಗ ಮಂಡಿ ನೋಯತೊಡಗಿದೆ. ಸರಿಯಾದ ಹೆಜ್ಜೆ ಯಾವುದು?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನಿಮ್ಮ ಜೊತೆಗಾರರ ಮಾತು ಅರ್ಧ ನಿಜ. ವೇಗವಾಗಿ ಓಡುವವರ ಹೆಜ್ಜೆ ಉದ್ದವಾಗಿರುವುದು ಹೌದು, ಆದರೆ ಆ ಉದ್ದ ಬರುವುದು ಹಿಂದಿನ ಕಾಲು ನೆಲವನ್ನು ಬಲವಾಗಿ ಒದೆಯುವುದರಿಂದಲೇ ಹೊರತು ಮುಂದಿನ ಕಾಲನ್ನು ದೂರಕ್ಕೆ ಚಾಚುವುದರಿಂದಲ್ಲ. ಮಂಡಿ ನೆಟ್ಟಗಾಗಿ, ಪಾದವು ದೇಹಕ್ಕಿಂತ ಬಹಳ ಮುಂದೆ ನೆಲಕ್ಕೆ ತಗುಲಿದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತಾಗುತ್ತದೆ. ಇಳಿಜಾರಿನಲ್ಲಿ ಈ ಹೊಡೆತ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುತ್ತದೆ. ನಿಮ್ಮ ಮಂಡಿನೋವಿಗೆ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು.

ನಾಳೆ ಸಮತಟ್ಟಾದ ಕಡೆ ನಿಮ್ಮ ಮಾಮೂಲಿ ವೇಗದಲ್ಲಿ ಓಡುತ್ತಾ, ಬಲಗಾಲು ಅರ್ಧ ನಿಮಿಷದಲ್ಲಿ ಎಷ್ಟು ಸಲ ನೆಲ ಮುಟ್ಟಿತೆಂದು ಎಣಿಸಿ, ಅದನ್ನು ನಾಲ್ಕರಿಂದ ಗುಣಿಸಿ. 39 ಬಂದರೆ ನಿಮಿಷಕ್ಕೆ 156 ಹೆಜ್ಜೆ. ವೇಗವನ್ನು ಹಾಗೆಯೇ ಇಟ್ಟುಕೊಂಡು ಆ 39 ಅನ್ನು 41 ಮಾಡಿ, ಅಷ್ಟು ಸಾಕು. ಶೇ 5ರಷ್ಟು ಹೆಚ್ಚಿದ ಈ ಲಯದಲ್ಲಿ ಹೆಜ್ಜೆ ತಾನಾಗಿಯೇ ಮೊಟಕಾಗಿ, ಪಾದ ದೇಹದ ಕೆಳಗೇ ಬೀಳುತ್ತದೆ, ಮಂಡಿಯ ಮೇಲಿನ ಹೊರೆಯೂ ಇಳಿಯುತ್ತದೆ. ಬದಲಾವಣೆ ಕಿವಿಗೂ ಗೊತ್ತಾಗುತ್ತದೆ: ಟಾರು ರಸ್ತೆಯ ಮೇಲೆ ಶೂ 'ಟಪ್ಪ್' ಎಂದು ಬಡಿಯುವ ಸದ್ದು ಮೆತ್ತಗಾಗುತ್ತದೆ. ಮೊದಲ ಒಂದೆರಡು ವಾರ ಉಸಿರು ತುಸು ಹೆಚ್ಚೇ ಬೇಕೆನಿಸಬಹುದು.

ನಿಮಿಷಕ್ಕೆ 180 ಹೆಜ್ಜೆ ಇರಲೇಬೇಕೆಂಬ ಮಾತನ್ನು ನೀವೂ ಕೇಳಿರಬಹುದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ತರಬೇತುದಾರ ಜಾಕ್ ಡೇನಿಯಲ್ಸ್ ದೂರದ ಓಟಗಾರರ ಹೆಜ್ಜೆ ಎಣಿಸಿದಾಗ ಬಹುತೇಕರದು 180 ಅಥವಾ ಅದಕ್ಕಿಂತ ಹೆಚ್ಚಿತ್ತು. ಅವರು ಪದಕಕ್ಕಾಗಿ ಓಡುತ್ತಿದ್ದವರು. ಕಾಲಿನ ಉದ್ದ, ವೇಗ, ವಯಸ್ಸು ಬೇರೆಯಾದರೆ ಸಂಖ್ಯೆಯೂ ಬೇರೆಯಾಗುತ್ತದೆ.

ಏರುವಾಗ ಸೊಂಟದಿಂದ ಬಾಗಬೇಡಿ. ಹಿಮ್ಮಡಿಯ ಕೀಲಿನಿಂದಲೇ ಇಡೀ ದೇಹ ತುಸು ಮುಂದಕ್ಕೆ ವಾಲಲಿ. ಮೊಣಕೈ ಮಡಿಚಿರಲಿ, ಮುಷ್ಟಿ ಬಿಗಿಯದಿರಲಿ. ಉಳಿದ ಅಂದಚಂದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮುಖ ಕಿವಿಚಿಕೊಂಡು, ತಲೆ ಅಲ್ಲಾಡಿಸುತ್ತಾ ಓಡುತ್ತಿದ್ದ ಎಮಿಲ್ ಝಾಟೋಪೆಕ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದರು.

ಸದ್ಯ ಎರಡು ವಾರ ಕೈಮರದ ದಾರಿಯನ್ನು ಬಿಟ್ಟು, ಊರೊಳಗಿನ ಆಟದ ಮೈದಾನದಲ್ಲಿ ಓಡಿ. ಮತ್ತೆ ಏರತೊಡಗಿದಾಗ ಮೊದಮೊದಲು ಇಳಿಯುವ ದಾರಿಯನ್ನು ನಡೆದೇ ಮುಗಿಸಿ. ಮಂಡಿ ಊದಿಕೊಂಡರೆ, ಅಥವಾ ಮೆಟ್ಟಿಲು ಇಳಿಯುವಾಗಲೂ ನೋವು ಉಳಿದರೆ, ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.