ಪ್ಯಾಕೇಜಾ, ಸ್ವಂತ ಬಸ್ಸಾ ಅನ್ನೋದು ಆಮೇಲೆ. ಮೊದಲು ಐಹೊಳೆಯನ್ನು ಕೊನೆಯಿಂದ ಎತ್ತಿ ಮೇಲಕ್ಕೆ ಹಾಕಿ

ಇಪ್ಪತ್ತಾರು ಜನ, ಡಿಸೆಂಬರ್‌ನಲ್ಲಿ ಮೂರು ದಿನ, ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಿಜಯಪುರ. ಪ್ಯಾಕೇಜ್ ತಗೊಳ್ಳೋದಾ, ನಾವೇ ಮಿನಿ ಬಸ್ ಮಾಡ್ಕೊಳ್ಳೋದಾ ಅಂತ ಕೇಳಿದ್ದೀರಿ. ನಿಮ್ಮ ಪಟ್ಟಿ ನೋಡಿದ ಕೂಡಲೇ ಎದೆ ಧಸಕ್ ಅಂತು. ಇದೇ ಪಟ್ಟಿಯನ್ನು, ಇದೇ ಕ್ರಮದಲ್ಲಿ ನಾನೂ ಬರೆದಿದ್ದೆ.

ನಮ್ಮದು ಮನೆಯವರದೇ ಗುಂಪು. ದೊಡ್ಡಪ್ಪ, ಚಿಕ್ಕಪ್ಪಂದಿರ ಸಂಸಾರ, ಮಕ್ಕಳು, ಜೊತೆಗೆ ನನ್ನ ಸೋದರತ್ತೆ. ಅತ್ತೆ ತಿಪಟೂರು ಕಡೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು. ಇಮ್ಮಡಿ ಪುಲಿಕೇಶಿ ನರ್ಮದೆಯ ಹತ್ತಿರ ಹರ್ಷವರ್ಧನನನ್ನು ತಡೆದದ್ದು, ಅದನ್ನು ರವಿಕೀರ್ತಿ ಐಹೊಳೆ ಶಾಸನದಲ್ಲಿ ಬರೆದದ್ದು, ಇದನ್ನೆಲ್ಲ ವರ್ಷ ವರ್ಷ ಮಕ್ಕಳಿಗೆ ಹೇಳಿದವರು ಆ ಕಲ್ಲನ್ನು ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ. ಇದು ನನಗೆ ಗೊತ್ತಿರಲಿಲ್ಲ, ನಾನು ಕೇಳಿರಲೂ ಇಲ್ಲ. ಬಸ್ಸು, ರೂಮು, ಊಟ ಎಲ್ಲ ನೋಡಿಕೊಂಡವನು ನಾನು. ಯಾರಿಗೆ ಏನು ನೋಡುವ ಆಸೆ ಅನ್ನುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿ ಬರೆದುಕೊಂಡಿದ್ದೆ.

ಹಂಪಿಯ ದಿನ ಹೇಗೋ ಕಳೆಯಿತು. ವಿಜಯವಿಠ್ಠಲ ದೇವಸ್ಥಾನಕ್ಕೆ ನಮ್ಮ ಬಸ್ಸು ಹೋಗುವ ಹಾಗಿಲ್ಲ, ದೂರದಲ್ಲೇ ನಿಲ್ಲಿಸಿ ಬ್ಯಾಟರಿ ಗಾಡಿಗೆ ಸಾಲು ನಿಲ್ಲಬೇಕು. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಬಸ್ಸುಗಳು, ಸಾಲು ಕರಗುವುದೇ ಇಲ್ಲ. ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ. ಕಮಲ ಮಹಲ್ ಹೊತ್ತಿಗೆ ಮಕ್ಕಳು ಸುಸ್ತಾಗಿ ಅಳುತ್ತಿದ್ದವು. ನಿಜ ಹೇಳಬೇಕೆಂದರೆ ಹಂಪಿಯನ್ನು ಒಂದು ದಿನದಲ್ಲಿ ಮುಗಿಸುತ್ತೇನೆ ಅನ್ನುವವರು ಹಂಪಿಗೆ ಹೋಗದಿರುವುದೇ ಒಳ್ಳೆಯದು.

ಎಡವಟ್ಟಾದದ್ದು ಎರಡನೇ ದಿನ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡಹೊರಟಿದ್ದೀರಿ.

ನನ್ನ ಲೆಕ್ಕ ಹೀಗಿತ್ತು: ಬೆಳಗ್ಗೆ ಹೊಸಪೇಟೆ ಬಿಟ್ಟು ಗಜೇಂದ್ರಗಡದ ಮೇಲೆ ಬಾದಾಮಿ. ಗುಹೆ ನೋಡಿ ಬನಶಂಕರಿಯಲ್ಲಿ ಊಟ. ಅಲ್ಲಿಂದ ಪಟ್ಟದಕಲ್ಲು, ಆಮೇಲೆ ಐಹೊಳೆ, ರಾತ್ರಿಗೆ ವಿಜಯಪುರ. ನಕ್ಷೆಯ ಮೇಲೆ ಗೆರೆ ಎಳೆದರೆ ಎಲ್ಲೂ ಹಿಂದೆ ಬರುವ ಹಾಗಿಲ್ಲ. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ಇದಕ್ಕಿಂತ ಸರಿಯಾದ ದಾರಿ ಇಲ್ಲ ಅಂತ ನನಗೆ ಅನ್ನಿಸಿತ್ತು. ದಾರಿಯೇನೋ ಸರಿಯೇ, ಹೊತ್ತಿನ ಲೆಕ್ಕ ಪೂರ್ತಿ ತಪ್ಪು. ಗುಂಪಿನಲ್ಲಿ ಹೊತ್ತು ಹಾಳಾಗುವುದು ರಸ್ತೆಯ ಮೇಲಲ್ಲ. ಹೋಟೆಲಿನಲ್ಲಿ ಒಬ್ಬರಿಗೆ ಇಡ್ಲಿ, ಒಬ್ಬರಿಗೆ ಈರುಳ್ಳಿ ಇಲ್ಲದ ದೋಸೆ, ಎಲ್ಲರದ್ದೂ ಮುಗಿದ ಮೇಲೆ ಇನ್ನೊಂದು ಕಾಫಿ. ಶೌಚಾಲಯದ ಮುಂದೆ ಸಾಲು. ಚಪ್ಪಲಿ ಬಿಡೋದು, ಹುಡುಕೋದು. ಟಿಕೆಟ್. ಬಸ್ ಹೊರಟ ಮೇಲೆ ಯಾರದೋ ಕನ್ನಡಕ ಮರೆತದ್ದು. ಒಂದೊಂದಕ್ಕೂ ಹತ್ತು ನಿಮಿಷ ಅಂತಿಟ್ಟುಕೊಳ್ಳಿ, ನಿಲ್ಲುವ ಕಡೆಯಲ್ಲೆಲ್ಲ ಅದು ಕೂಡುತ್ತಾ ಹೋಗುತ್ತದೆ. ಕೂಡಿದ್ದೆಲ್ಲ ದಿನದ ಕೊನೆಯ ಊರಿನ ತಲೆಯ ಮೇಲೆ ಬೀಳುತ್ತದೆ. ಮೊದಲ ಊರಿಗೆ ಹೊತ್ತು ಕಡಿಮೆಯಾಗುವುದೇ ಇಲ್ಲ, ಯಾವಾಗಲೂ ಕೊನೆಯದಕ್ಕೇ ಕತ್ತರಿ. ನಾನು ಕೊನೆಗೆ ಇಟ್ಟಿದ್ದು ಐಹೊಳೆಯನ್ನು.

ಬಾದಾಮಿ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಗುಹೆಯ ಮೆಟ್ಟಿಲ ಮೇಲೆ ಕೋತಿಯೊಂದು ಚಿಕ್ಕಮ್ಮನ ಕೈಚೀಲಕ್ಕೆ ಬಾಯಿ ಹಾಕಿತು. ಒಳಗಿದ್ದದ್ದು ಬಾಳೆಹಣ್ಣು, ಆದರೆ ಜೊತೆಗೆ ರಕ್ತದೊತ್ತಡದ ಮಾತ್ರೆಯೂ ಇತ್ತು. ಚೀಲ ಬಂಡೆ ಏರಿತು, ಅದನ್ನು ಇಳಿಸಿಕೊಳ್ಳುವಷ್ಟರಲ್ಲಿ ಮುಕ್ಕಾಲು ಗಂಟೆ. ಆದರೂ ಮೂರನೇ ಗುಹೆಯಲ್ಲಿ ಅತ್ತೆಯ ಮುಖ ನೋಡಬೇಕಿತ್ತು. ಚಾಲುಕ್ಯರ ಮಂಗಳೇಶ ಅದನ್ನು ಮಾಡಿಸಿದ್ದು ಕ್ರಿ.ಶ. 578ರಲ್ಲಿ, ಶಾಸನದಲ್ಲಿ ಶಕವರ್ಷ 500 ಅಂತಲೇ ಇದೆ, ಎಂದು ಮಕ್ಕಳನ್ನೆಲ್ಲ ಕೂರಿಸಿಕೊಂಡು ಶುರುಮಾಡಿದರು. ಮೊದಲ ಗುಹೆಯ ನಟರಾಜನಿಗೆ ಹದಿನೆಂಟು ಕೈ ಇದೆಯೋ ಇಲ್ಲವೋ ಎಣಿಸಿ ಬನ್ನಿ ಅಂತ ಹುಡುಗರನ್ನು ವಾಪಸ್ ಓಡಿಸಿದರು. ನಾನು ಗಡಿಯಾರ ನೋಡುತ್ತಾ "ಅತ್ತೆ, ಹೊರಡೋಣ, ಹೊರಡೋಣ" ಅನ್ನುತ್ತಿದ್ದೆ.

ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ಅಮ್ಮಂದಿರ ಹತ್ತಿರ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಖಾರ, ಗಟ್ಟಿ ಮೊಸರು ಉಂಡೆವು. ಆ ಪ್ರವಾಸದಲ್ಲಿ ಎಲ್ಲರೂ ಒಪ್ಪಿದ ಊಟ ಅದೊಂದೇ. ನೀವೂ ತಪ್ಪಿಸಬೇಡಿ.

ಪಟ್ಟದಕಲ್ಲಿಗೆ ಬಂದಾಗ ಮಧ್ಯಾಹ್ನ ಜಾರಿತ್ತು. 1987ರಿಂದ ವಿಶ್ವಪರಂಪರೆಯ ತಾಣ, ಅಚ್ಚುಕಟ್ಟಾದ ಹುಲ್ಲುಹಾಸು. ಅಲ್ಲಿ ಒಳ್ಳೆಯ ಗೈಡ್ ಸಿಕ್ಕರು. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದ್ದು, ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು, ಉತ್ತರದ ನಾಗರ ಶಿಖರವೂ ದಕ್ಷಿಣದ ದ್ರಾವಿಡ ಶಿಖರವೂ ಒಂದೇ ಅಂಗಳದಲ್ಲಿ ನಿಂತಿರುವುದು, ಎಲ್ಲವನ್ನೂ ನಿಧಾನವಾಗಿ ತೋರಿಸಿದರು. ಅವರನ್ನು ಅವಸರಪಡಿಸಲು ಯಾರಿಗೂ ಮನಸ್ಸು ಬರಲಿಲ್ಲ.

ಐಹೊಳೆ ತಲುಪಿದಾಗ ಸೂರ್ಯ ಮುಳುಗುವುದರಲ್ಲಿದ್ದ. ದುರ್ಗ ಗುಡಿಯ ಆವರಣದಲ್ಲಿ ಗೇಟು ಹಾಕುವ ಸಿಬ್ಬಂದಿ ಸೀಟಿ ಊದುತ್ತಿದ್ದರು. ಓಡಿ ಒಂದು ಸುತ್ತು ಹಾಕಿ ಬಂದೆವು. ಅತ್ತೆ ಮಾತ್ರ ಒಳಗೆ ಬರಲಿಲ್ಲ. ರಸ್ತೆಯಲ್ಲೇ ನಿಂತು ಯಾರನ್ನೋ ಕೇಳುತ್ತಿದ್ದರು, "ಮೇಗುತಿ ಗುಡ್ಡ ಯಾವುದಪ್ಪಾ?" ರವಿಕೀರ್ತಿಯ ಶಾಸನ ಇರುವುದು ಊರೊಳಗಿನ ಗುಡಿಗಳಲ್ಲಲ್ಲ, ಗುಡ್ಡದ ಮೇಲಿನ ಮೇಗುತಿ ಬಸದಿಯ ಗೋಡೆಯಲ್ಲಿ. ಮೆಟ್ಟಿಲು ಹತ್ತಬೇಕು. ಕತ್ತಲಾಗುತ್ತಿತ್ತು, ವಿಜಯಪುರ ಇನ್ನೂ ನೂರು ಕಿಲೋಮೀಟರ್‌ಗೂ ಮೇಲೆ, ಚಾಲಕರು ಹಾರ್ನ್ ಹೊಡೆಯುತ್ತಿದ್ದರು. "ಇರಲಿ ಬಿಡಪ್ಪ, ಇನ್ನೊಂದ್ಸಲ ಬಂದರಾಯ್ತು" ಅಂದರು ಅತ್ತೆ.

ಇನ್ನೊಂದ್ಸಲ ಬರಲಿಲ್ಲ. ಮುಂದಿನ ವರ್ಷ ಅವರ ಮಂಡಿ ಪೂರ್ತಿ ಸೋತಿತು. ಈಗ ಮನೆಯ ಹೊಸಿಲು ದಾಟಲೂ ಗೋಡೆ ಹಿಡಿಯುತ್ತಾರೆ.

ಆಮೇಲೆ ನಾನೊಬ್ಬನೇ ಹೋದೆ, ಬೆಳ್ಳಂಬೆಳಗ್ಗೆ. ಅರ್ಧ ಗುಡ್ಡದಲ್ಲಿ ಎರಡು ಅಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಮೇಲೆ ಬಸದಿಯ ಪೂರ್ವದ ಹೊರಗೋಡೆಯಲ್ಲಿ ಹತ್ತೊಂಬತ್ತು ಸಾಲಿನ ಶಾಸನ. ಭಾಷೆ ಸಂಸ್ಕೃತ, ಅಕ್ಷರ ಹಳಗನ್ನಡದ್ದು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಕೊರೆದ ಗೆರೆಗಳಲ್ಲಿ ನೆರಳು ನಿಂತು ಅಕ್ಷರಗಳು ಎದ್ದು ಕಾಣುತ್ತವೆ. ಒಂದೊಂದು ಸಾಲಿಗೂ ಫೋನ್ ಹಿಡಿದು ವಿಡಿಯೋ ಮಾಡಿದೆ. ಮನೆಯಲ್ಲಿ ಟಿವಿಗೆ ಹಾಕಿದರೆ ಅತ್ತೆ "ನಿಲ್ಸು, ನಿಲ್ಸು, ಸ್ವಲ್ಪ ಹಿಂದಕ್ಕೆ ಹೋಗು" ಅನ್ನುತ್ತಾ ಕೈಯಲ್ಲಿ ಅಚ್ಚಾದ ಪಾಠ ಇಟ್ಟುಕೊಂಡು ಸಾಲು ಹುಡುಕಿದರು. ಶಕವರ್ಷ 556, ಅಂದರೆ ಕ್ರಿ.ಶ. 634, ಸಿಕ್ಕಿತು. ರವಿಕೀರ್ತಿ ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಅಂದುಕೊಂಡ ಜಾಗವೂ ಸಿಕ್ಕಿತು. ಕಾಳಿದಾಸ ಅದಕ್ಕಿಂತ ಈಚಿನವನಲ್ಲ ಅಂತ ವಿದ್ವಾಂಸರು ಗಟ್ಟಿಯಾಗಿ ಹೇಳುವುದಕ್ಕೆ ಈ ಕಲ್ಲೂ ಒಂದು ಆಧಾರ ಕಣೋ, ಅಂದರು. ಖುಷಿಪಟ್ಟರು, ಅದು ಸುಳ್ಳಲ್ಲ. ಆದರೆ ಟಿವಿಯಲ್ಲಿ ನೋಡಿದ್ದು ನೋಡಿದ ಹಾಗಲ್ಲ, ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಇನ್ನು ನಿಮ್ಮ ಪ್ರಶ್ನೆ. ಪ್ಯಾಕೇಜೋ ಸ್ವಂತ ಬಸ್ಸೋ ಎಂಬುದು ದುಡ್ಡಿನ ಮಾತು, ಎರಡರಲ್ಲೂ ಪ್ರವಾಸ ಚೆನ್ನಾಗಿ ಆಗಬಹುದು, ಎರಡರಲ್ಲೂ ಕೆಡಬಹುದು. ನಿಮ್ಮ ಪಟ್ಟಿಯೇ ಉದ್ದವಾಯಿತು. ವಿಜಯಪುರ ಬಿಡಿ. ಗೋಳಗುಮ್ಮಟವನ್ನು ನಾವು ಮೂರನೇ ದಿನ ನೋಡಿದೆವು. 44 ಮೀಟರ್ ಅಡ್ಡಳತೆಯ ಗುಮ್ಮಟದ ಕೆಳಗೆ ಪಿಸುಮಾತು ಆಚೆ ಗೋಡೆಗೆ ಕೇಳಬೇಕು, ಆದರೆ ಶಾಲೆ ಮಕ್ಕಳ ಕೂಗಾಟದಲ್ಲಿ ಪಕ್ಕದವರ ಮಾತೂ ಕೇಳಲಿಲ್ಲ. ಮೂಲೆಯ ಗೋಪುರದ ಇಕ್ಕಟ್ಟು ಮೆಟ್ಟಿಲಲ್ಲಿ ವಯಸ್ಸಾದವರು ಅರ್ಧಕ್ಕೇ ವಾಪಸಾದರು. ಗೋಳಗುಮ್ಮಟಕ್ಕೂ ಅದೇ ಊರಿನ ಇಬ್ರಾಹಿಂ ರೋಜಾಗೂ ಬೇರೆಯೇ ಪ್ರವಾಸ ಇಟ್ಟುಕೊಳ್ಳಿ, ಬಾಗಿಲು ತೆಗೆದ ಕೂಡಲೇ ಒಳಗಿರುವ ಹಾಗೆ.

ಹೊರಡುವ ಮೊದಲು ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ, ಅಲ್ಲಿ ಎಲ್ಲರೂ ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಾರೆ. ಒಬ್ಬೊಬ್ಬರಿಗೂ ಫೋನ್ ಮಾಡಿ, "ನೀವು ನೋಡಲೇಬೇಕಾದ್ದು ಒಂದು ಯಾವುದು?" ಅಂತ ಕೇಳಿ. ಹಿರಿಯರು "ಎಲ್ಲಿಗಾದರೂ ಸರಿ ಕಣಪ್ಪ" ಅಂದೇ ಅನ್ನುತ್ತಾರೆ, ಇನ್ನೊಂದು ಸಲ ಕೇಳಿ. ಬಂದ ಉತ್ತರಗಳಲ್ಲಿ ಮೆಟ್ಟಿಲು ಇರುವುದನ್ನೆಲ್ಲ ಬೆಳಗಿನ ಹೊತ್ತಿಗೆ ಹಾಕಿ.

ನಾನಾದರೆ ಹೀಗೆ ಹೋಗುತ್ತೇನೆ: ಮೊದಲ ದಿನ ಹಂಪಿಯಲ್ಲಿ ವಿರೂಪಾಕ್ಷ, ಹೇಮಕೂಟ, ಉಗ್ರನರಸಿಂಹ, ಅಷ್ಟಕ್ಕೇ ನಿಲ್ಲಿಸಿ ಬೇಗ ಮಲಗುವುದು. ಎರಡನೇ ದಿನ ನಸುಕಿನಲ್ಲೇ ಹೊಸಪೇಟೆ ಬಿಟ್ಟು ಇಳಕಲ್, ಅಮೀನಗಡದ ಮೇಲೆ ನೇರ ಐಹೊಳೆ. ಇಳಕಲ್‌ನಲ್ಲಿ ಸೀರೆ ಅಂಗಡಿಗೆ ಬಸ್ ನಿಲ್ಲಿಸಬಾರದು, ನಿಲ್ಲಿಸಿದರೆ ಅಲ್ಲೇ ಮಧ್ಯಾಹ್ನ. ಬೇಕಾದರೆ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳಿ, ಐದು ನಿಮಿಷದ ಕೆಲಸ. ಐಹೊಳೆಯಲ್ಲಿ ಮೊದಲು ಮೇಗುತಿ, ಆಮೇಲೆ ದುರ್ಗ ಗುಡಿ, ಲಾಡ್‌ಖಾನ್ ಗುಡಿ. ಮಧ್ಯಾಹ್ನದ ಮೇಲೆ ಪಟ್ಟದಕಲ್ಲು, ರಾತ್ರಿ ಬಾದಾಮಿಯಲ್ಲಿ ವಾಸ್ತವ್ಯ. ಮೂರನೇ ದಿನ ಬಿಸಿಲೇರುವ ಮೊದಲೇ ಗುಹೆ ಹತ್ತಿ ಇಳಿದು, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಭೂತನಾಥ ಗುಡಿಯವರೆಗೆ ನಡೆದು, ಬನಶಂಕರಿಯಲ್ಲಿ ಉಂಡು ಊರಿನ ದಾರಿ ಹಿಡಿಯುವುದು. ಕೈಯಲ್ಲಿ ತಿಂಡಿಯ ಚೀಲ ಹಿಡಿದು ಗುಹೆ ಹತ್ತಬೇಡಿ. ಮಾತ್ರೆಗಳು ಜೇಬಿನಲ್ಲಿರಲಿ.

ಪ್ಯಾಕೇಜ್‌ನವರ ಹತ್ತಿರವೇ ಹೋಗುವುದಾದರೆ ಈ ಕ್ರಮವನ್ನು ಬರೆದು ಕೈಗೆ ಕೊಡಿ. "ಐಹೊಳೆ ಸಂಜೆಗೆ ಮಾಡೋಣ ಸರ್, ದಾರಿಯಲ್ಲೇ ಬರುತ್ತೆ" ಅಂದರೆ ಒಪ್ಪಬೇಡಿ, ಬೇರೆಯವರನ್ನು ನೋಡಿ.