ಬಡವರ ಮಕ್ಕಳಿಗೆ ಅರ್ಧ ವಿದ್ಯೆ ಸಾಕೇ, ಮೇಷ್ಟ್ರೇ?

ಗದಗ ಜಿಲ್ಲೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ನೀಲಿ ಇಂಕು, ದುಂಡಗಿನ ಅಕ್ಷರ, ಎಲ್ಲೂ ಒಂದು ಕಾಟಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ವಿರುದ್ಧದ ಪಕ್ಷದಲ್ಲಿ ಹೋರಾಡಿ, ಆಮೇಲೆ ಶಾಲೆ ಕಟ್ಟಿದ ಜನರಲ್ ಸ್ಯಾಮ್ಯುಯೆಲ್ ಆರ್ಮ್‌ಸ್ಟ್ರಾಂಗ್ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಒಂದು ಸಾಲೂ ಬರೆದಿಲ್ಲ ಎನ್ನುವುದು ಅವರ ದೂರು. ಪತ್ರದ ಕೊನೆಯಲ್ಲಿ ಅಸಲು ವಿಷಯ ಇದೆ: "ಬಡವರ ಮಕ್ಕಳಿಗೆ ಡಿಗ್ರಿ ಯಾಕೆ? ಕೈಗೊಂದು ಕಸುಬು ಸಾಕು. ನಮ್ಮೂರ ಹಾಸ್ಟೆಲ್ಲಿನಲ್ಲಿ ಹೊಲಿಗೆ, ವೈರಿಂಗ್ ಇಷ್ಟನ್ನೇ ಕಲಿಸಬೇಕು ಅಂತಿದ್ದೇವೆ. ತಾವೇನಂತೀರಿ?"

ಮೇಷ್ಟ್ರೇ, ಆರ್ಮ್‌ಸ್ಟ್ರಾಂಗ್ ದೊಡ್ಡ ಮನುಷ್ಯ, ಒಪ್ಪಿದೆ. ಹವಾಯಿಯಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದವನು. ಕಪ್ಪು ಸೈನಿಕರ ರೆಜಿಮೆಂಟಿಗೆ ನಾಯಕನಾಗಿದ್ದವನು. 1868ರಲ್ಲಿ ವರ್ಜೀನಿಯಾದ ಹ್ಯಾಂಪ್ಟನ್‌ನಲ್ಲಿ ಬಿಡುಗಡೆಯಾದ ಗುಲಾಮರಿಗಾಗಿ, ಕೈಕಸುಬಿಗೆ ಒತ್ತು ಕೊಡುವ ಶಾಲೆ ತೆರೆದ. ಗುಲಾಮನಾಗಿ ಹುಟ್ಟಿ ಮುಂದೆ ಕಪ್ಪು ಜನರ ದೊಡ್ಡ ನಾಯಕನಾದ ಬುಕರ್ ವಾಷಿಂಗ್ಟನ್ ಅಲ್ಲಿಗೆ ಓದಲು ಬಂದಾಗ ಪ್ರವೇಶ ಪರೀಕ್ಷೆ ಅಂತ ಒಂದು ಕೋಣೆ ಗುಡಿಸಲು ಹೇಳಿದರು. ಹುಡುಗ ಮೂರು ಸಲ ಗುಡಿಸಿದ, ನಾಲ್ಕು ಸಲ ಧೂಳು ಒರೆಸಿದ. ಮೇಡಂ ಕರವಸ್ತ್ರದಿಂದ ಗೋಡೆ, ಮೇಜು ಎಲ್ಲ ಒರೆಸಿ ನೋಡಿದರು. ಒಂದು ಕಣ ಧೂಳು ಸಿಗಲಿಲ್ಲ. ಸೀಟು ಸಿಕ್ಕಿತು. ನೀವು ಈ ಕಥೆಯನ್ನು ಎರಡು ಪುಟ ಬರೆದಿದ್ದೀರಿ. ನನಗೂ ಇಷ್ಟವಾದ ಕಥೆ ಅದು.

ಆದರೆ ಆ ಕಥೆ ಓದಿದಾಗಲೆಲ್ಲ ನನ್ನೊಳಗೆ ಒಂದು ಪ್ರಶ್ನೆ ಏಳುತ್ತದೆ. ಯಜಮಾನನ ಮಗನಿಗೆ ಯಾರಾದರೂ ಪೊರಕೆ ಕೊಟ್ಟು ಪರೀಕ್ಷೆ ಮಾಡಿದ್ದರಾ?

ನೀವು ಆರ್ಮ್‌ಸ್ಟ್ರಾಂಗ್ ಹೆಸರು ಹೇಳಿದಿರಿ. ನಾನು ಅವನಿಗೆ ಮೇಲಧಿಕಾರಿಯಾಗಿದ್ದವನ ಹೆಸರು ಹೇಳುತ್ತೇನೆ. ಆಲಿವರ್ ಓಟಿಸ್ ಹೋವರ್ಡ್. 1830ರಲ್ಲಿ ಮೇನ್ ರಾಜ್ಯದ ಲೀಡ್ಸ್ ಎಂಬ ಹಳ್ಳಿಯಲ್ಲಿ ಹುಟ್ಟಿದ ರೈತನ ಮಗ. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡ. ಓದುವಾಗ ರಜೆಯಲ್ಲಿ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ ಖರ್ಚಿಗೆ ದುಡ್ಡು ಮಾಡಿಕೊಂಡ. ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಓದಿ, ಅಲ್ಲೇ ಗಣಿತದ ಮೇಷ್ಟ್ರಾದ. ಯುದ್ಧ ಬಂದಾಗ ಅವನ ಕೈಯಲ್ಲಿದ್ದದ್ದು ಸೀಮೆಸುಣ್ಣ.

1862ರ ಜೂನ್ 1ರಂದು ವರ್ಜೀನಿಯಾದಲ್ಲಿ ಅವನ ಬಲಗೈಗೆ ಎರಡು ಗುಂಡು ಬಿದ್ದವು. ತೋಳನ್ನೇ ಕತ್ತರಿಸಬೇಕಾಯಿತು. ಆಗ ನೋಡಲು ಬಂದವನು ಫಿಲಿಪ್ ಕಾರ್ನಿ ಎಂಬ ಇನ್ನೊಬ್ಬ ಜನರಲ್. ಅವನಿಗೆ ಮೆಕ್ಸಿಕೊ ಯುದ್ಧದಲ್ಲಿ ಎಡಗೈ ಹೋಗಿತ್ತು. ಹೋವರ್ಡ್ ನಗುತ್ತಾ, "ಇನ್ನು ಮೇಲೆ ಇಬ್ಬರೂ ಸೇರಿ ಒಂದು ಜೊತೆ ಗವಸು ಕೊಂಡರೆ ಸಾಕು" ಅಂದನಂತೆ. ಸೆಪ್ಟೆಂಬರಿನಲ್ಲಿ ಆಂಟೀಟಮ್ ರಣರಂಗದಲ್ಲಿ ಮತ್ತೆ ಹಾಜರ್. ಎಡಗೈಯಲ್ಲಿ ಬರೆಯುವುದನ್ನು ಕಲಿತ. ಮುಂದಿನ ಅವನ ಹಣೆಬರಹವನ್ನೆಲ್ಲ ಬರೆದದ್ದು ಆ ಎಡಗೈಯೇ.

ಚಾನ್ಸಲರ್ಸ್‌ವಿಲ್‌ನಲ್ಲಿ ಅವನ ದಳ ಚೆಲ್ಲಾಪಿಲ್ಲಿಯಾಯಿತು, ಅದು ಅವನ ದೊಡ್ಡ ಸೋಲು. ಗೆಟಿಸ್‌ಬರ್ಗ್‌ನಲ್ಲಿ ಗುಡ್ಡ ಹಿಡಿದು ನಿಂತ. ಯುದ್ಧದ ಮಾತು ಇಷ್ಟು ಸಾಕು.

1865ರಲ್ಲಿ ಫ್ರೀಡ್‌ಮೆನ್ಸ್ ಬ್ಯೂರೋ ಎಂಬ ಸರ್ಕಾರಿ ಇಲಾಖೆಗೆ ಅವನನ್ನು ಮುಖ್ಯಸ್ಥನಾಗಿ ಮಾಡಿದರು. ಹೊಸದಾಗಿ ಬಿಡುಗಡೆಯಾದ ಸುಮಾರು 40 ಲಕ್ಷ ಜನರ ಹೊಟ್ಟೆ, ಬಟ್ಟೆ, ಕೂಲಿ, ಶಾಲೆ ಎಲ್ಲ ಒಬ್ಬನ ತಲೆಯ ಮೇಲೆ. ಅದೇ ಅಕ್ಟೋಬರಿನಲ್ಲಿ ಅವನು ಸೌತ್ ಕ್ಯಾರೊಲೈನಾದ ಎಡಿಸ್ಟೊ ದ್ವೀಪಕ್ಕೆ ಹೋಗಬೇಕಾಯಿತು. ಆ ದ್ವೀಪದ ಜನರಿಗೆ ಸರ್ಕಾರವೇ ಉಳುಮೆಗೆ ನೆಲ ಕೊಟ್ಟಿತ್ತು. ಈಗ ಅಧ್ಯಕ್ಷ ಆಂಡ್ರೂ ಜಾನ್ಸನ್ ಅದನ್ನು ಹಳೇ ಯಜಮಾನರಿಗೇ ವಾಪಸ್ ಕೊಡಿ ಅಂದಿದ್ದ. ಆ ಮಾತು ಹೇಳುವ ಕೆಲಸ ಹೋವರ್ಡ್‌ಗೆ ಬಿತ್ತು. ಚರ್ಚಿನ ತುಂಬ ಜನ. ಕೇಳುತ್ತಿದ್ದಂತೆ "ಆಗಲ್ಲ, ಆಗಲ್ಲ" ಅಂತ ಕೂಗು. ಯಜಮಾನರನ್ನು ಕ್ಷಮಿಸಿಬಿಡಿ ಅಂದ. ಜನ ಆಮೇಲೆ ಅವನಿಗೆ ಒಂದು ಪತ್ರ ಬರೆದರು. ಅದರ ತಾತ್ಪರ್ಯ ಇಷ್ಟು: ನೀವು ಕಳೆದುಕೊಂಡದ್ದು ಬಲಗೈ ಮಾತ್ರ, ಅದೂ ಯುದ್ಧದಲ್ಲಿ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನನ್ನು, ನನ್ನ ತಾಯಿಯನ್ನೂ ತಂಗಿಯನ್ನೂ ಬತ್ತಲೆ ಮಾಡಿ ಬಾರಿಸಿದವನನ್ನು ನಾನು ಹೇಗೆ ಕ್ಷಮಿಸಲಿ?

ಮೇಷ್ಟ್ರೇ, ಈ ಪತ್ರ ಓದಿ ನಾನು ಆವತ್ತು ಬೇರೇನೂ ಓದಲಿಲ್ಲ. ಕೆಲವೇ ವರ್ಷದ ಹಿಂದಿನವರೆಗೆ ಈ ಜನ ಗುಲಾಮರು. ದಕ್ಷಿಣದ ಎಷ್ಟೋ ರಾಜ್ಯಗಳಲ್ಲಿ ಗುಲಾಮನಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಇಂಥ ವಾದ ಹೂಡುವ ತಲೆಗೆ ಕಾನೂನು ಓದಿಸಬೇಕೋ, ಬರೀ ಕಸುಬು ಕಲಿಸಿ ಕೂರಿಸಬೇಕೋ? ನೀವೇ ಹೇಳಿ.

ಹೋವರ್ಡ್ ನೆಲ ಉಳಿಸಿಕೊಡಲಿಲ್ಲ. ಅದು ಅವನ ಲೆಕ್ಕದಲ್ಲಿ ಬಾಕಿಯೇ. 1877ರಲ್ಲಿ ನೆಜ್ ಪರ್ಸ್ ಮೂಲನಿವಾಸಿಗಳನ್ನು ಅವರ ಕಣಿವೆಯಿಂದ ಎಬ್ಬಿಸಿ, ಅಟ್ಟಿಸಿಕೊಂಡು ಹೋದ ಸೈನ್ಯಕ್ಕೂ ಅವನೇ ನಾಯಕ. ಇದನ್ನು ಮುಚ್ಚಿಡುವುದಿಲ್ಲ. ಆದರೆ ವಿದ್ಯೆಯ ವಿಷಯದಲ್ಲಿ ಅವನು ಕೈ ಬಿಗಿ ಹಿಡಿಯಲಿಲ್ಲ. 1867ರಲ್ಲಿ ವಾಷಿಂಗ್ಟನ್ ನಗರದಲ್ಲಿ ಅವನ ಹೆಸರಿನ ವಿಶ್ವವಿದ್ಯಾಲಯ ಶುರುವಾಯಿತು. ಯಾವ ಬಣ್ಣದವರಾದರೂ ಬರಬಹುದು, ಹೆಣ್ಣುಮಕ್ಕಳೂ ಬರಬಹುದು. ಮೊದಲು ಬಂದು ಕೂತವರು ಬಿಳಿ ಹುಡುಗಿಯರು, ಸ್ಥಾಪಕರದೇ ಹೆಣ್ಣುಮಕ್ಕಳು. ಮರುವರ್ಷ ವೈದ್ಯಕೀಯ, ಅದರ ಮರುವರ್ಷ ಕಾನೂನು. ಗುಲಾಮಗಿರಿ ಮುಗಿದು ಆಗ ನಾಲ್ಕೇ ವರ್ಷ! 1872ರಲ್ಲಿ ಶಾರ್ಲಟ್ ರೇ ಎಂಬ ಕಪ್ಪು ಹೆಣ್ಣುಮಗಳು ಅಲ್ಲಿ ಕಾನೂನು ಪದವಿ ಪಡೆದಳು. ಅಷ್ಟು ಹೊತ್ತಿಗೆ ಹೋವರ್ಡ್ ತಾನೇ ಅದರ ಅಧ್ಯಕ್ಷ, 1869ರಿಂದ 1874ರವರೆಗೆ.

ಅಟ್ಲಾಂಟಾದ ಒಂದು ಶಾಲೆಗೆ ಅವನು 1868ರಲ್ಲಿ ಹೋಗಿದ್ದ. ಉತ್ತರದ ಮಕ್ಕಳಿಗೆ ನಿಮ್ಮ ಬಗ್ಗೆ ಏನು ಹೇಳಲಿ ಅಂತ ಕೇಳಿದ. ರಿಚರ್ಡ್ ರೈಟ್ ಎಂಬ ಹುಡುಗ ಎದ್ದು ನಿಂತು, "ನಾವು ಮೇಲೇಳುತ್ತಿದ್ದೇವೆ ಅಂತ ಹೇಳಿ, ಜನರಲ್" ಅಂದ. ಆ ಹುಡುಗ ಮುಂದೆ ಸವಾನಾದಲ್ಲಿ ಕಾಲೇಜಿಗೆ ಮುಖ್ಯಸ್ಥನಾದ, ಫಿಲಡೆಲ್ಫಿಯಾದಲ್ಲಿ ಬ್ಯಾಂಕ್ ತೆರೆದ.

ಇನ್ನೊಬ್ಬನ ಕಥೆ ಕೇಳಿ. ತರ್ಗುಡ್ ಮಾರ್ಷಲ್. ತನ್ನ ಊರಿನ ಮೇರಿಲ್ಯಾಂಡ್ ಕಾನೂನು ಕಾಲೇಜಿನಲ್ಲಿ ಕಪ್ಪು ಹುಡುಗರಿಗೆ ಸೀಟಿರಲಿಲ್ಲ. ದಿನಾ ಬಾಲ್ಟಿಮೋರಿನಿಂದ ರೈಲಿನಲ್ಲಿ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬಂದು ಓದಿದ. ಫೀಸಿಗಾಗಿ ಅವನ ತಾಯಿ ತನ್ನ ಮದುವೆಯ ಉಂಗುರವನ್ನು ಒತ್ತೆ ಇಟ್ಟಳು. ನಮ್ಮ ಎಷ್ಟು ಅಮ್ಮಂದಿರು ಕೈಬಳೆ ಕಳಚಿಲ್ಲ, ಅಲ್ವಾ? 1933ರಲ್ಲಿ ತರಗತಿಗೇ ಮೊದಲಿಗನಾಗಿ ಪಾಸಾದ. ಕೆಲವೇ ವರ್ಷದಲ್ಲಿ ತನ್ನ ಗುರು ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್ ಜೊತೆ ಸೇರಿ ಕೇಸು ಹಾಕಿ, ಅದೇ ಮೇರಿಲ್ಯಾಂಡ್ ಕಾಲೇಜಿನ ಬಾಗಿಲು ತೆರೆಸಿದ. 1954ರಲ್ಲಿ ಬಿಳಿಯರಿಗೊಂದು ಶಾಲೆ, ಕಪ್ಪು ಮಕ್ಕಳಿಗೊಂದು ಶಾಲೆ ಎನ್ನುವುದು ಕಾನೂನಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. 1967ರಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿಯಾದ. ಆರ್ಮ್‌ಸ್ಟ್ರಾಂಗ್ ದಾರಿ ಒಂದೇ ಇದ್ದಿದ್ದರೆ ಆ ಕೇಸು ನಡೆಸಲು ವಕೀಲ ಎಲ್ಲಿಂದ ಬರುತ್ತಿದ್ದ?

ನಮ್ಮಲ್ಲೂ ಇದು ಹಳೇ ಜಗಳ. ಅಂಬೇಡ್ಕರರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದು ಅರ್ಥಶಾಸ್ತ್ರ ಓದಲಿಕ್ಕೆ. ಕಪ್ಪು ಜನರಿಗೆ ಉನ್ನತ ವಿದ್ಯೆ ಬೇಕೇ ಬೇಕು ಅಂತ ಹಟ ಹಿಡಿದಿದ್ದ ಡು ಬಾಯ್ಸ್ ಎಂಬ ಕಪ್ಪು ಚಿಂತಕನಿಗೆ 1946ರಲ್ಲಿ ಅವರು ಪತ್ರ ಬರೆದದ್ದೂ ಸುಮ್ನೆ ಅಲ್ಲ.

ನಮ್ಮ ಸಭೆಗಳಲ್ಲಿ ಈಗ "ಸ್ಕಿಲ್" ಮಾತು ಜಾಸ್ತಿ. ವೇದಿಕೆ ಮೇಲೆ ಕೂತು ಬಡವರಿಗೆ ಕಸುಬು ಸಾಕು ಅನ್ನುವವರ ಮಕ್ಕಳು ಆ ಹೊತ್ತಿಗೆ ನೀಟ್ ಕೋಚಿಂಗಿನಲ್ಲಿರುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಕಸುಬಿನ ಮೇಲೆ ಅಲ್ಲ. ಯಾರ ಮಗು ಎಲ್ಲಿಗೆ ನಿಲ್ಲಬೇಕು ಅಂತ ಬೇರೆಯವರು ಗೆರೆ ಎಳೆಯುತ್ತಾರಲ್ಲ, ಅದರ ಮೇಲೆ.

ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಗಣಿತದಲ್ಲಿ ನನಗಿಂತ ಬಹಳ ಮುಂದೆ. ಅಪ್ಪ ಹಮಾಲಿ. ಹತ್ತನೇ ಕ್ಲಾಸು ಮುಗಿದ ಮೇಲೆ ಹೆಡ್‌ಮಾಸ್ಟರು ಕರೆದು, "ನಿನಗ್ಯಾಕಪ್ಪಾ ಸೈನ್ಸು? ಬೇಗ ದುಡಿಯೋದು ಕಲಿ" ಅಂದರು. ಪ್ರೀತಿಯಿಂದಲೇ ಅಂದರು. ಅವನು ವೆಲ್ಡಿಂಗ್ ಕಲಿತ. ಈಗ ಕಿಟಕಿ ಗ್ರಿಲ್ ಮಾಡುವ ಶೆಡ್ಡಿದೆ, ಊಟಕ್ಕೆ ಕೊರತೆಯಿಲ್ಲ. ಕಳೆದ ದೀಪಾವಳಿಗೆ ಹೋಗಿದ್ದೆ. ಚೌಕಟ್ಟು ಸೊಟ್ಟವಾಗಿದೆಯಾ ಅಂತ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಅಳೆಯುತ್ತಿದ್ದ. ಎರಡೂ ಅಳತೆ ಒಂದೇ ಬಂದರೆ ಮೂಲೆ ಸರಿ. ಯಾಕೆ ಸರಿ ಅಂತ ಪಕ್ಕದಲ್ಲಿದ್ದ ಕೆಲಸದ ಹುಡುಗನಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಭುಜ ಬರೆದು ಹೇಳಿಕೊಡುತ್ತಿದ್ದ. ನಾನು ಮಾತಾಡದೆ ನಿಂತು ನೋಡಿದೆ.

ನಿಮ್ಮ ಹಾಸ್ಟೆಲ್ಲಿನಲ್ಲಿ ಹೊಲಿಗೆ ಮೆಷಿನ್ನು ಖಂಡಿತ ಇರಲಿ ಮೇಷ್ಟ್ರೇ, ವೈರಿಂಗೂ ಇರಲಿ. ಆದರೆ ಪಿಯುಸಿ ಸೈನ್ಸಿಗೆ ಹೋಗುತ್ತೇನೆ ಅನ್ನುವ ಹುಡುಗಿಗೆ ಬೇಡ ಅನ್ನಬೇಡಿ. ಸಂಜೆ ಎರಡು ಗಂಟೆ ನೀವೇ ಕೂತು ಪಾಠ ಹೇಳಿ, ಇಷ್ಟು ಚಂದ ಬರೆಯುವ ಕೈ ನಿಮ್ಮದು. ಈ ಸಂಚಿಕೆಯ ಜೊತೆ ನಿಮ್ಮ ವಿಳಾಸಕ್ಕೆ ಒಂದು ಪಾರ್ಸೆಲ್ ಬರುತ್ತದೆ. ಒಳಗಿರುವುದು ಹನ್ನೆರಡು ಗಣಿತದ ಪುಸ್ತಕ. ಅಂಗಡಿಗೆ ಬಂದು ಒಂದೊಂದನ್ನೂ ಬಿಡಿಸಿ ನೋಡಿ ಆರಿಸಿಕೊಟ್ಟವನು ಆ ಗ್ರಿಲ್ ಶೆಡ್ಡಿನ ಗೆಳೆಯ.